ಪಾತ್ರಗೊಂಬೆಯ ಗುಣ, ಮೌಲ್ಯ ಮತ್ತು ಬೆಲೆ

ಅಡಿಕೆಯ ಸೀಮೆಯಲ್ಲಿ ಬಾಳುವವರಿಗೆ ಗುಣವೂ ಬೆಲೆಯೂ ಬೇರೆಬೇರೆಯೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಳದಲ್ಲಿ ಒಣಗಿಸಿ ಸುಲಿದ ಅಡಿಕೆಯಲ್ಲಿ ಒಳ್ಳೆಯದನ್ನು ಒಂದು ಕಡೆಗೆ ರಾಶಿ ಮಾಡಿ, ಪಟೋರ, ಉಳ್ಳಿ, ಕರಿಗೋಟು ಎಂದು ಉಳಿದುದನ್ನು ಬೇರ್ಪಡಿಸುವ ಕೈ ಉಪ್ಪಿನಂಗಡಿಯ ಸುತ್ತಿನ ಮನೆಮನೆಯಲ್ಲಿಯೂ ಇದೆ. ಆ ವಿಂಗಡಣೆಯನ್ನು ಮಾಡುವಾಗ ಯಾರೂ ಆ ದಿನದ ಧಾರಣೆಯನ್ನು ಕೇಳುವುದಿಲ್ಲ. ಧಾರಣೆ ಇಂದು ಏರಬಹುದು, ನಾಳೆ ಇಳಿಯಬಹುದು. ಕರಿಗೋಟು ಮಾತ್ರ ಎಂದಿಗೂ ಕರಿಗೋಟೇ. ಒಂದು ವರ್ಷ, ಎರಡು ವರ್ಷ ಜೋಪಾನವಾಗಿ ಇರಿಸಿದ ಅಡಿಕೆ ಚೋಲು ಎನ್ನಿಸಿಕೊಂಡು ಹೊಸ ಅಡಿಕೆಗಿಂತ ಹೆಚ್ಚಿನ ಬೆಲೆಯನ್ನು ತರುತ್ತದೆ. ಆದರೆ ಹಳತಾದ ಮಾತ್ರಕ್ಕೆ ಹುಳು ಹಿಡಿದ ಅಡಿಕೆಯನ್ನು ಯಾರೂ ಕೊಳ್ಳುವುದಿಲ್ಲ. ಗುಣ, ಕಾಲ, ಪೇಟೆ ಈ ಮೂರನ್ನೂ ಬೇರೆಬೇರೆಯಾಗಿ ತೂಗಿ ನೋಡುವ ಈ ವಿವೇಕ ನಮ್ಮವರಲ್ಲಿ ತಲೆಮಾರುಗಳಿಂದ ಬಂದುದು. ಅದೇ ವಿವೇಕವನ್ನು ಬೇರೊಂದು ವಸ್ತುವಿನ ವಿಷಯದಲ್ಲಿ ನಾವು ಏಕೆ ಮರೆಯುತ್ತೇವೆ ಎಂಬುದೇ ಈ ಲೇಖನದ ಪ್ರಶ್ನೆ.

ಆ ವಸ್ತು ಗೊಂಬೆ. ಅದರಲ್ಲಿಯೂ ಚಿತ್ರಕಥೆಗಳ ವೀರರ ಗೊಂಬೆ. ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್, ಸ್ಪೈಡರ್‌ಮ್ಯಾನ್, ಹಲ್ಕ್ ಮೊದಲಾದವರ, ಕೈಕಾಲು ಮಡಿಸಲು ಬರುವ, ಬೇಕಾದ ಭಂಗಿಯಲ್ಲಿ ನಿಲ್ಲಿಸಬಹುದಾದ ಗೊಂಬೆ. ಪೇಟೆಯಲ್ಲಿ ಇದನ್ನು ‘ಆಕ್ಷನ್ ಫಿಗರ್’ ಎನ್ನುತ್ತಾರೆ. ಅನುಕೂಲಕ್ಕಾಗಿ ಇಲ್ಲಿ ‘ಪಾತ್ರಗೊಂಬೆ’ ಎಂದು ಕರೆಯುತ್ತೇನೆ. ಕನ್ನಡ ಪಾಠ ಹೇಳುವವನಿಗೆ ಈ ಗೊಂಬೆಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ಪಾತ್ರವೊಂದು ತನ್ನ ಸ್ವಭಾವಕ್ಕೆ ತಕ್ಕಂತೆ ನಡೆಯಿತೇ ಇಲ್ಲವೇ ಎಂದು ವಿಚಾರಿಸುವುದೇ ನಮ್ಮ ನಿತ್ಯದ ಉದ್ಯೋಗ. ಕಾವ್ಯದ ಪಾತ್ರಕ್ಕೆ ಸಲ್ಲುವ ವಿಚಾರ ಮೇಣದ, ಮರದ ಅಥವಾ ಪ್ಲಾಸ್ಟಿಕ್ಕಿನ ಪಾತ್ರಕ್ಕೂ ಸಲ್ಲಬೇಕು.

ಇಷ್ಟನ್ನು ಬರೆಯಲು ಒಂದು ನಿಮಿತ್ತವೂ ಒದಗಿತು. ಕುಮಾರಧಾರೆಯ ದಡದ ಕೃಷಿಕರೊಬ್ಬರು ನನ್ನ ಪರಿಚಿತರು. ಮಗ ಪರದೇಶದಲ್ಲಿ ಉದ್ಯೋಗದಲ್ಲಿದ್ದಾನೆ. ಬೆಂಗಳೂರಿನಲ್ಲಿದ್ದಾಗ ಅವನು ಕೂಡಿಸಿದ ಇಂತಹ ಗೊಂಬೆಗಳು ಎರಡು ಕಪಾಟು ತುಂಬ ಊರಿನ ಮನೆಯಲ್ಲಿ ಉಳಿದಿವೆ. ಮನೆಯನ್ನು ದುರಸ್ತಿ ಮಾಡಿಸಬೇಕಾಗಿ ಬಂದಾಗ ತಂದೆಗೆ ಸಮಸ್ಯೆಯಾಯಿತು. ಗುಜರಿಯವನು ಇವನ್ನು ತೂಕದ ಲೆಕ್ಕದಲ್ಲಿ ಕೇಳಿದ. ಹತ್ತಿರದ ನೆಂಟನೊಬ್ಬ, ಇಂತಹ ಒಂದೊಂದು ಗೊಂಬೆ ಅಮೆರಿಕದಲ್ಲಿ ಕೋಟಿಗೆ ಹೋಗಿದೆಯೆಂದು ಮೊಬೈಲಿನಲ್ಲಿ ತೋರಿಸಿದ. ‘ಮಾಷ್ಟ್ರೇ, ಇದಕ್ಕೆ ನಿಜವಾಗಿ ಬೆಲೆ ಉಂಟಾ, ಅಲ್ಲ ಹುಡುಗ ಹಣವನ್ನು ಹೊಳೆಗೆ ಹಾಕಿದನಾ?’ ಎಂದು ಅವರು ನನ್ನನ್ನು ಕೇಳಿದರು. ಆ ಪ್ರಶ್ನೆಯ ಹಿಂದೆ ಹಣದ ಚಿಂತೆಗಿಂತ ದೊಡ್ಡದೊಂದು ಚಿಂತೆ ಇತ್ತು. ಮಗನ ಹತ್ತು ವರ್ಷಗಳ ಒಲವು ಸಾರವುಳ್ಳದ್ದೇ, ಇಲ್ಲವೇ ಹುಚ್ಚೇ ಎಂದು ತಿಳಿಯಬೇಕೆಂಬ ತಂದೆಯ ಹಂಬಲ ಅದು. ಗುಜರಿಯವನ ತಕ್ಕಡಿಯಾಗಲಿ ನೆಂಟನ ಮೊಬೈಲಾಗಲಿ ಅದಕ್ಕೆ ಉತ್ತರ ಕೊಡಲಾರದು. ಇಬ್ಬರೂ ಬೆಲೆಯನ್ನು ಹೇಳಿದರು. ಗೊಂಬೆಯನ್ನು ಕೈಯಲ್ಲೆತ್ತಿ ನೋಡಿದವರು ಇಬ್ಬರಲ್ಲಿ ಒಬ್ಬರೂ ಇಲ್ಲ.

ಈ ಗೊಂಬೆಗಳ ವಂಶಾವಳಿ ಬಹಳ ಹಳೆಯದಲ್ಲ. 1964ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಸಂಸ್ಥೆ ‘ಜಿ. ಐ. ಜೋ’ ಎಂಬ ಹನ್ನೆರಡು ಅಂಗುಲದ ಸೈನಿಕನನ್ನು ಮಾರುಕಟ್ಟೆಗೆ ತಂದಿತು. ಅವನ ಮೈಯಲ್ಲಿ ಚಲಿಸುವ ಭಾಗಗಳು 21. ಗಂಡುಹುಡುಗರು ಗೊಂಬೆಯೆಂದರೆ ಮುಟ್ಟಲಾರರೆಂದು ಅಂಜಿ, ಆ ಮಾತನ್ನೇ ಬಿಟ್ಟು ‘ಆಕ್ಷನ್ ಫಿಗರ್’ ಎಂಬ ಹೊಸ ಹೆಸರನ್ನು ಆಗ ಬಳಕೆಗೆ ತಂದರು. ಎರಡು ವರ್ಷಗಳ ಬಳಿಕ, 1966ರಲ್ಲಿ, ಐಡಿಯಲ್ ಎಂಬ ಸಂಸ್ಥೆ ‘ಕ್ಯಾಪ್ಟನ್ ಆಕ್ಷನ್’ ಎಂಬ ಗೊಂಬೆಯನ್ನು ಮಾಡಿತು. ಈ ಗೊಂಬೆಯ ವಿಶೇಷವೇನೆಂದರೆ, ಅದಕ್ಕೆ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ಫ್ಯಾಂಟಮ್ ಮುಂತಾದ ವೀರರ ಉಡುಪನ್ನೂ ಮುಖವಾಡವನ್ನೂ ಬೇರೆಯಾಗಿ ಕೊಂಡು ತೊಡಿಸಬಹುದಾಗಿತ್ತು. ಒಂದೇ ಮೈ, ಹಲವು ವೇಷ. ಸಂಜೆ ಚೌಕಿಯಲ್ಲಿ ಕುಳಿತು ಒಬ್ಬನೇ ಕಲಾವಿದ ಒಂದು ದಿನ ಕರ್ಣನೂ ಇನ್ನೊಂದು ದಿನ ಅರ್ಜುನನೂ ಆಗುವುದನ್ನು ಕಂಡಿರುವ ನಮಗೆ ಇದರಲ್ಲಿ ಹೊಸತೇನೂ ಇಲ್ಲ.

1972ರಲ್ಲಿ ಮೆಗೊ ಸಂಸ್ಥೆಯ ಎಂಟು ಅಂಗುಲದ ವೀರರು ಬಂದರು. 1984ರಲ್ಲಿ ಕೆನ್ನರ್ ಸಂಸ್ಥೆಯ ‘ಸೂಪರ್ ಪವರ್ಸ್’ ಸಾಲು ಬಂದಿತು. ಅದರಲ್ಲಿ ಸೂಪರ್‌ಮ್ಯಾನನ ಎರಡು ಕಾಲುಗಳನ್ನು ಸೇರಿಸಿ ಅದುಮಿದರೆ ಅವನು ಕೈ ಬೀಸಿ ಗುದ್ದುತ್ತಿದ್ದ. 2002ರಲ್ಲಿ ಆರಂಭವಾದ ‘ಮಾರ್ವೆಲ್ ಲೆಜೆಂಡ್ಸ್’ ಸಾಲಿನಿಂದ ಆರು ಅಂಗುಲದ, ಹಲವು ಕೀಲುಗಳ ಗೊಂಬೆ ಸಾಮಾನ್ಯವಾಯಿತು. ನಮ್ಮ ದೇಶದಲ್ಲಿ 1987ರಲ್ಲಿ ಪ್ರಾರಂಭವಾದ ಫನ್‌ಸ್ಕೂಲ್ ಸಂಸ್ಥೆ ಗೋವಾದ ಕಾರ್ಖಾನೆಯಲ್ಲಿ ಜಿ. ಐ. ಜೋ ಗೊಂಬೆಗಳನ್ನು ಎರಕ ಹೊಯ್ದು ಮಾರಿತು. ನನ್ನ ಓರಗೆಯ ಪಟ್ಟಣದ ಮಕ್ಕಳು ಅವನ್ನು ಕಂಡು ಬೆಳೆದರು. ಕರಾವಳಿಯ ಹಳ್ಳಿಗಳಲ್ಲಿದ್ದ ನಮಗೆ ‘ಬಾಲಮಂಗಳ’ದ ಡಿಂಗನೇ ವೀರ, ಅವನು ಕಾಗದದ ಮೇಲೆಯೇ ಇದ್ದ, ಕೈಗೆ ಸಿಗಲಿಲ್ಲ.

ಇನ್ನು ಗುಣದ ವಿಚಾರ. ಪಾತ್ರಗೊಂಬೆಯಲ್ಲಿ ಮೊದಲು ನೋಡತಕ್ಕದ್ದು ಔಚಿತ್ಯ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದು ಕರೆದ. ಗೊಂಬೆಗೂ ಅದೇ ಜೀವ. ಫ್ಯಾಂಟಮನ ಬಲಗೈಯಲ್ಲಿ ತಲೆಬುರುಡೆಯ ಉಂಗುರ, ಎಡಗೈಯಲ್ಲಿ ರಕ್ಷಣೆಯ ಚಿಹ್ನೆಯ ಉಂಗುರ. ಒಂದು ಶತ್ರುವಿನ ದವಡೆಯ ಮೇಲೆ ಅಚ್ಚೊತ್ತುವುದು, ಇನ್ನೊಂದು ಮಿತ್ರನಿಗೆ ಅಭಯ ಕೊಡುವುದು. ಇವೆರಡನ್ನು ಅದಲುಬದಲಾಗಿಸಿದ ಗೊಂಬೆ ಎಷ್ಟೇ ನುಣುಪಾಗಿರಲಿ, ಅದು ಕಥೆಯನ್ನು ಓದದವನ ಕೆಲಸ. ಆದರೆ ಪರೀಕ್ಷಿಸುವವನೂ ಕಥೆಯನ್ನು ಓದಿರಬೇಕು. ಬೂದು ಬಣ್ಣದ ಹಲ್ಕನನ್ನು ಕಂಡು ‘ಹಸಿರು ಇರಬೇಕಾಗಿತ್ತು, ಇದು ನಕಲಿ’ ಎಂದು ತಳ್ಳಿಬಿಡುವವರುಂಟು. 1962ರಲ್ಲಿ ಪ್ರಕಟವಾದ ಮೊತ್ತಮೊದಲ ಸಂಚಿಕೆಯಲ್ಲಿ ಹಲ್ಕ್ ಬೂದು ಬಣ್ಣದವನೇ ಆಗಿದ್ದ. ಎರಡನೆಯ ಸಂಚಿಕೆಯಿಂದ ಹಸಿರಾದ. ಇದನ್ನು ಬಲ್ಲವನಿಗೆ ಬೂದು ಹಲ್ಕ್ ತಪ್ಪಾಗಿ ಕಾಣದೆ ಪಾಠಾಂತರವಾಗಿ ಕಾಣುತ್ತಾನೆ.

ಇಂತಹ ಕಣ್ಣು ನಮ್ಮ ಜಿಲ್ಲೆಯವರಿಗೆ ಹುಟ್ಟಿನಿಂದಲೇ ಬಂದಿದೆ ಎಂದರೆ ತಪ್ಪಾಗದು. ಬಡಗುತಿಟ್ಟಿನ ಮುಂಡಾಸನ್ನೂ ತೆಂಕುತಿಟ್ಟಿನ ಕಿರೀಟವನ್ನೂ ಬೇರ್ಪಡಿಸಲು ಇಲ್ಲಿಯ ಎಂಟು ವರ್ಷದ ಹುಡುಗನಿಗೂ ಬರುತ್ತದೆ. ಬಣ್ಣದ ವೇಷಕ್ಕೆ ಚುಟ್ಟಿ ಸರಿಯಾಗಿ ಏಳಲಿಲ್ಲವೆಂದು, ಪುಂಡುವೇಷದ ಗೆಜ್ಜೆಯ ಕಟ್ಟು ಸಡಿಲವಾಯಿತೆಂದು ಬೆಳಗಿನ ಜಾವದ ಚಹಾದಂಗಡಿಯಲ್ಲಿ ವಿಮರ್ಶೆ ನಡೆಯುತ್ತದೆ. ನೆರೆಯ ಪುತ್ತೂರಿನಲ್ಲಿ ಬಹುಕಾಲ ಬಾಳಿದ ಶಿವರಾಮ ಕಾರಂತರು ಯಕ್ಷಗಾನದ ವೇಷಭೂಷಣಗಳ ವಿಷಯದಲ್ಲಿ ಎಷ್ಟು ನಿಷ್ಠುರವಾಗಿದ್ದರೆಂಬುದನ್ನು ಇಲ್ಲಿಯ ಹಿರಿಯರು ಬಲ್ಲರು. ಈ ಕಣ್ಣನ್ನು ರಂಗಸ್ಥಳದಿಂದ ಗೊಂಬೆಯ ಕಪಾಟಿನತ್ತ ತಿರುಗಿಸಿದರೆ ಸಾಕು.

ಎರಡನೆಯದು ಕಸಬು. ಪಾತ್ರಗೊಂಬೆ ನಿಲ್ಲಬೇಕು, ಬಾಗಬೇಕು, ತಿರುಗಬೇಕು. ಹಾಗೆ ಮಾಡಿದ ಮೇಲೂ ಮೈಯ ಅಂದ ಕೆಡಬಾರದು. ಕೀಲು ಹೆಚ್ಚಿದಷ್ಟೂ ಗೊಂಬೆ ಉತ್ತಮವೆಂಬ ಭಾವನೆ ಕೊಳ್ಳುವವರಲ್ಲಿ ಬೆಳೆದಿದೆ. ಇದು ಅರ್ಧಸತ್ಯ. ಒಂದೊಂದು ಕೀಲೂ ಮೈಯ ರೇಖೆಯನ್ನು ಒಂದು ಕಡೆ ಕತ್ತರಿಸುತ್ತದೆ. ಗೋಡೆಯ ಮೇಲೆ ಕುಪ್ಪಳಿಸಿ ಕೂರುವ ಸ್ಪೈಡರ್‌ಮ್ಯಾನನಿಗೆ ಮೊಣಕಾಲು, ಸೊಂಟ, ಬೆನ್ನು ಎಲ್ಲವೂ ಮಡಿಯಲೇಬೇಕು. ಸೂಪರ್‌ಮ್ಯಾನನಿಗೆ ಅಷ್ಟು ಕೀಲುಗಳ ಅವಶ್ಯಕತೆಯಿಲ್ಲ. ಆದರೆ ಅವನ ಕತ್ತು ಹಿಂದಕ್ಕೆ ಬಾಗಿ ಮುಖ ಮೇಲಕ್ಕೆ ಏಳದಿದ್ದರೆ ಅವನನ್ನು ಹಾರುವ ಭಂಗಿಯಲ್ಲಿ ಇರಿಸಿದಾಗ ನೆಲವನ್ನೇ ನೋಡುತ್ತಿರುತ್ತಾನೆ. ಯಾವ ಕೀಲು ಬೇಕೆಂಬುದನ್ನು ಪಾತ್ರದ ಕ್ರಿಯೆ ನಿರ್ಣಯಿಸಬೇಕು.

ಇದನ್ನು ನಮ್ಮ ಗೊಂಬೆಯಾಟದವರು ಎಂದೋ ಕಂಡುಕೊಂಡಿದ್ದಾರೆ. ಉಪ್ಪುಂದದ ಕೊಗ್ಗ ದೇವಣ್ಣ ಕಾಮತರು ಬಡಗುತಿಟ್ಟಿನ ಯಕ್ಷಗಾನವನ್ನು ಸೂತ್ರದ ಗೊಂಬೆಗಳಿಂದ ಆಡಿಸಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಗೆ ಪಾತ್ರರಾದವರು. ಅವರ ಮಗ ಭಾಸ್ಕರ ಕಾಮತರು ಅದನ್ನು ಮುಂದುವರಿಸಿದರು. ಕಾಸರಗೋಡಿನಲ್ಲಿ ಕೆ. ವಿ. ರಮೇಶರ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ ತೆಂಕುತಿಟ್ಟಿನ ಕ್ರಮದಲ್ಲಿ ಗೊಂಬೆಗಳನ್ನು ಕುಣಿಸುತ್ತದೆ. ಈ ಗೊಂಬೆಗಳೂ ಕಥೆಯ ವೀರರ ಕೀಲುಳ್ಳ ಗೊಂಬೆಗಳೇ. ಅವು ಭಾಗವತರ ತಾಳಕ್ಕೆ ಹೆಜ್ಜೆಯಿಡಬೇಕು, ಸಭೆಗೆ ತಲೆಬಾಗಬೇಕು, ಯುದ್ಧದಲ್ಲಿ ಸುತ್ತು ತಿರುಗಬೇಕು. ಕೀಲು ಬಿಗಿಯಾದರೆ ಕುಣಿತವಿಲ್ಲ, ಸಡಿಲವಾದರೆ ನಿಲುವಿಲ್ಲ. ಪೇಟೆಯ ಪಾತ್ರಗೊಂಬೆಯನ್ನೂ ಹೀಗೆಯೇ ಪರೀಕ್ಷಿಸಬೇಕು: ಮೇಜಿನ ಮೇಲೆ ಆಧಾರವಿಲ್ಲದೆ ನಿಲ್ಲಿಸಿ ನೋಡಬೇಕು, ಕೈಯನ್ನು ಎತ್ತಿ ಬಿಟ್ಟರೆ ಅದು ಎತ್ತಿದಲ್ಲಿಯೇ ನಿಲ್ಲುತ್ತದೆಯೇ ಎಂದು ನೋಡಬೇಕು, ಎರಕದ ಎರಡು ಹೋಳುಗಳು ಕೂಡಿದ ಗೆರೆ ಬೆರಳಿಗೆ ತೊಡರುತ್ತದೆಯೇ ಎಂದು ಸವರಿ ನೋಡಬೇಕು. ಕಡೆಯದಾಗಿ ಕಣ್ಣು. ಎರಡು ಕಣ್ಣುಗಳ ಕಪ್ಪು ಗುಡ್ಡೆಗಳು ಒಂದೇ ಕಡೆಗೆ ನೋಡದಿದ್ದರೆ ಉಳಿದ ಕಸಬೆಲ್ಲ ವ್ಯರ್ಥ. ಕುಶಲಿಯ ಕೈಯನ್ನು ಕಣ್ಣಿನ ಚುಕ್ಕೆಯಲ್ಲಿ ಗುರುತಿಸಬಹುದೆಂಬುದು ಮರದ ಗೊಂಬೆಗೆ ಹೇಗೋ ಪ್ಲಾಸ್ಟಿಕ್ಕಿನ ಗೊಂಬೆಗೂ ಹಾಗೆಯೇ.

ಮೂರನೆಯದು ದ್ರವ್ಯ. ಹೆಚ್ಚಿನ ಪಾತ್ರಗೊಂಬೆಗಳು ಪಿ.ವಿ.ಸಿ. ಮತ್ತು ಎ.ಬಿ.ಎಸ್. ಎಂಬ ಎರಡು ಬಗೆಯ ಪ್ಲಾಸ್ಟಿಕ್ಕಿನಿಂದ ಆದವು. ಪಿ.ವಿ.ಸಿ.ಯನ್ನು ಮೃದುಗೊಳಿಸಲು ಬೆರೆಸಿದ ಎಣ್ಣೆಯಂತಹ ದ್ರವ್ಯ ಕಾಲಕ್ರಮದಲ್ಲಿ ಮೇಲಕ್ಕೆ ಒಸರುತ್ತದೆ. ಗಾಳಿಯಾಡದ ಕಪಾಟಿನಲ್ಲಿರಿಸಿದ ಗೊಂಬೆ ಮುಟ್ಟಿದರೆ ಅಂಟುವುದು ಇದರಿಂದ. ಎ.ಬಿ.ಎಸ್. ಬಿಸಿಲು ತಾಗಿದರೆ ಹಳದಿಗಟ್ಟುತ್ತದೆ. ನಮ್ಮ ಮಳೆಗಾಲದಲ್ಲಿ ಗೊಂಬೆಗಿಂತ ಮೊದಲು ಅದರ ರಟ್ಟಿನ ಪೆಟ್ಟಿಗೆ ಬೂಸಲು ಹಿಡಿದು ಸುರುಟಿಕೊಳ್ಳುತ್ತದೆ. ಸೀರೆಯ ಪೆಟ್ಟಿಗೆಗೆ ಹಾಕಿದಂತೆ ಇಲ್ಲಿಯೂ ನುಸಿಗುಳಿಗೆ ಹಾಕುವವರಿದ್ದಾರೆ. ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗಾಗಿಸಿ ಕೆಡಿಸುತ್ತದೆ. ತೇವ ಹೀರುವ ಸಿಲಿಕಾದ ಸಣ್ಣ ಚೀಲ, ಬಿಸಿಲು ಬೀಳದ ಗೋಡೆ, ಆಗಾಗ ಬಾಗಿಲು ತೆರೆದು ಗಾಳಿಯಾಡಿಸುವುದು, ಇಷ್ಟಿದ್ದರೆ ಸಾಕು.

ದ್ರವ್ಯದ ವಿಚಾರದಲ್ಲಿ ಮಕ್ಕಳ ಹಿತವೂ ಸೇರಿದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯವೆಂಬ ಕೇಂದ್ರ ಸರಕಾರದ ಆಜ್ಞೆ 1 ಜನವರಿ 2021ರಿಂದ ಜಾರಿಗೆ ಬಂದಿತು. ಆಟಿಕೆಗಳ ಮೇಲಿನ ಆಮದು ಸುಂಕವನ್ನೂ 2020ರಲ್ಲಿ ನೂರಕ್ಕೆ 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿಸಲಾಯಿತು. ಸುಂಕ ಏರಿದರೆ ನಿಜವಾದ ವಸ್ತುವಿನ ಬೆಲೆ ಏರುತ್ತದೆ. ಅದು ಏರಿದಾಗ ನಕಲಿಗೆ ಸುಗ್ಗಿ. ಆದುದರಿಂದ ನಕಲಿಯನ್ನು ಗುರುತಿಸುವ ಬಗೆಯನ್ನು ಕೊಳ್ಳುವವನು ತಾನೇ ಅರಿತಿರಬೇಕು. ನಿಜವಾದ ಗೊಂಬೆಯಿಂದಲೇ ಅಚ್ಚು ತೆಗೆದು ಎರಕ ಹೊಯ್ದ ನಕಲಿ, ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿರುತ್ತದೆ. ಉಡುಪಿನ ನೆರಿಗೆ, ಬೆರಳ ಸಂದು ಮೊದಲಾದ ಸೂಕ್ಷ್ಮಗಳು ಮಸುಕಾಗಿರುತ್ತವೆ. ಬಣ್ಣ ಗೆರೆ ದಾಟಿರುತ್ತದೆ. ಪೆಟ್ಟಿಗೆಯ ಮೇಲಿನ ಹೆಸರಿನಲ್ಲಿಯೇ ಅಕ್ಷರದೋಷವಿರುವುದೂ ಉಂಟು. ಬೆನ್ನಿನ ಮೇಲೋ ಅಂಗಾಲಿನಲ್ಲೋ ಸಂಸ್ಥೆಯ ಹೆಸರೂ ಇಸವಿಯೂ ಇರುತ್ತವೆ. ಆದರೆ ಆ ಇಸವಿ ಹೆಚ್ಚಾಗಿ ಅಚ್ಚಿನ ಹಕ್ಕಿಗೆ ಸಂಬಂಧಪಟ್ಟದ್ದು. ಗೊಂಬೆ ತಯಾರಾದ ವರ್ಷ ಅದೇ ಎಂದು ನಂಬುವಂತಿಲ್ಲ. ಗ್ರಂಥದ ಹಕ್ಕುಪುಟದ ಇಸವಿಗೂ ಮರುಮುದ್ರಣದ ಇಸವಿಗೂ ಇರುವ ಅಂತರವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ.

ಔಚಿತ್ಯ, ಕಸಬು, ದ್ರವ್ಯ ಈ ಮೂರೂ ಸೇರಿ ಗುಣ. ಮೌಲ್ಯ ಇದಕ್ಕಿಂತ ಬೇರೆ. ಗೊಂಬೆಯ ಬಾಳಿನಲ್ಲಿ ನಡೆದುದೆಲ್ಲ ಮೌಲ್ಯಕ್ಕೆ ಸೇರುತ್ತದೆ. ಯಾವ ವರ್ಷದ್ದು, ಎಷ್ಟು ಉಳಿದಿವೆ, ಅದರೊಡನೆ ಬಂದ ಕತ್ತಿ, ಮೇಲುಹೊದಿಕೆ, ಆಯುಧಗಳು ಇವೆಯೇ, ಯಾರ ಕೈಯಿಂದ ಯಾರ ಕೈಗೆ ಬಂದಿತು ಎಂಬುದೆಲ್ಲ ಇದರ ಲೆಕ್ಕ. ಇಲ್ಲಿ ಕೆಲವು ವೇಳೆ ದೋಷವೇ ಮೌಲ್ಯವಾಗುತ್ತದೆ. ಗೋವಾದಲ್ಲಿ ತಯಾರಾದ ಆ ಜಿ. ಐ. ಜೋ ಗೊಂಬೆಗಳಲ್ಲಿ ಕೆಲವದರ ಬಣ್ಣ ಅಮೆರಿಕದ ಮೂಲಕ್ಕೆ ಹೊಂದುತ್ತಿರಲಿಲ್ಲ. ಅಂದು ಅದು ಕುಂದು. ಇಂದು ಆ ವಿಲಕ್ಷಣ ಬಣ್ಣಕ್ಕಾಗಿಯೇ ವಿದೇಶದ ಸಂಗ್ರಾಹಕರು ಅವನ್ನು ಹುಡುಕುತ್ತಾರೆ. ಹಸ್ತಪ್ರತಿಯ ಲಿಪಿಕಾರನ ತಪ್ಪು ಸಂಶೋಧಕನಿಗೆ ಪ್ರತಿಯ ಊರನ್ನು ಹೇಳುವಂತೆ, ಬಣ್ಣದ ತಪ್ಪು ಗೊಂಬೆಯ ಊರನ್ನು ಹೇಳುತ್ತದೆ.

ಅಮೆರಿಕದಲ್ಲಿ ಗೊಂಬೆಯ ಸ್ಥಿತಿಯನ್ನು ಪರೀಕ್ಷಿಸಿ ಅಂಕ ಕೊಡುವ ಸಂಸ್ಥೆಗಳೇ ಇವೆ. ‘ಆಕ್ಷನ್ ಫಿಗರ್ ಅಥಾರಿಟಿ’ ಎಂಬ ಸಂಸ್ಥೆ ನೂರಕ್ಕೆ ಇಷ್ಟೆಂದು ಅಂಕವನ್ನು ಕೊಟ್ಟು, ಗೊಂಬೆಯನ್ನು ಪಾರದರ್ಶಕವಾದ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮೊಹರು ಮಾಡಿ ಹಿಂದಿರುಗಿಸುತ್ತದೆ. ಮೂಲ ಪೆಟ್ಟಿಗೆಯನ್ನು ತೆರೆಯದ ಗೊಂಬೆಯಾದರೆ ರಟ್ಟಿಗೆ ಬೇರೆ, ಅದರ ಮೇಲಿನ ಪ್ಲಾಸ್ಟಿಕ್ ಗುಳ್ಳೆಗೆ ಬೇರೆ, ಗೊಂಬೆಗೆ ಬೇರೆ ಅಂಕ. ಈ ಪದ್ಧತಿಯನ್ನು ಕೇಳಿ ನಗುವವರಿದ್ದಾರೆ. ನಾನು ನಗುವುದಿಲ್ಲ. ಹೊರಹೊದಿಕೆಯೂ ಹರಿಯದ ಪ್ರಥಮ ಮುದ್ರಣದ ಗ್ರಂಥವನ್ನು, ತುದಿ ಮುರಿಯದ ಓಲೆಗರಿಯ ಕಟ್ಟನ್ನು ನಾವು ಭಂಡಾರಗಳಲ್ಲಿ ಕಾಪಾಡುವುದಿಲ್ಲವೇ? ಒಂದು ಕಾಲದ ವಸ್ತು ಆ ಕಾಲದ ಅಂಗಡಿಯಲ್ಲಿ ಹೇಗೆ ಕಾಣುತ್ತಿತ್ತೆಂಬುದಕ್ಕೆ ತೆರೆಯದ ಪೆಟ್ಟಿಗೆಯೊಂದು ದಾಖಲೆ. ದಾಖಲೆಯೆಂಬ ದೃಷ್ಟಿಯಿಂದ ಅದಕ್ಕೆ ಗೌರವ ಸಲ್ಲಲೇಬೇಕು.

ನನ್ನ ಆಕ್ಷೇಪವಿರುವುದು ಮುಂದಿನ ಹೆಜ್ಜೆಯಲ್ಲಿ. ಈ ಅಂಕವನ್ನು ಗುಣದ ಅಂಕವೆಂದು ಜನ ಭಾವಿಸತೊಡಗಿದ್ದಾರೆ. ಗೊಂಬೆ ಎಷ್ಟು ಚೆನ್ನಾಗಿ ಉಳಿದಿದೆಯೆಂಬುದನ್ನು ಅಂಕ ಹೇಳುತ್ತದೆ. ಅದು ಹುಟ್ಟುವಾಗ ಎಷ್ಟು ಚೆನ್ನಾಗಿತ್ತೆಂಬುದನ್ನು ಹೇಳುವುದಿಲ್ಲ. ಕೆಟ್ಟ ಗೊಂಬೆಯೊಂದು ಮುಟ್ಟದೆ ಉಳಿದರೆ ಅದಕ್ಕೂ ನೂರಕ್ಕೆ 90 ಬರಬಹುದು. ಅಂಕದ ಹಿಂದೆಯೇ ಬೆಲೆ ಬರುತ್ತದೆ. ಬೆಲೆಯಂತೂ ಗುಣವನ್ನು ಬಿಟ್ಟು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುತ್ತೇನೆ. ಅದು ಚಿತ್ರಕಥೆಯ ಗೊಂಬೆಯಲ್ಲ, ‘ಸ್ಟಾರ್ ವಾರ್ಸ್’ ಚಲನಚಿತ್ರಗಳ ಬೋಬಾ ಫೆಟ್ ಎಂಬ ಪಾತ್ರದ್ದು. ಆದರೆ ತತ್ತ್ವ ಒಂದೇ. ಬೆನ್ನಿನಿಂದ ಸಣ್ಣ ರಾಕೆಟ್ಟನ್ನು ಹಾರಿಸುವಂತೆ ಆ ಗೊಂಬೆಯನ್ನು 1979ರ ಹೊತ್ತಿಗೆ ಯೋಜಿಸಿದ್ದರು. ಆ ರಾಕೆಟ್ಟು ಮಗುವಿನ ಗಂಟಲಲ್ಲಿ ಸಿಕ್ಕೀತೆಂಬ ಭಯದಿಂದ ಅದನ್ನು ಮಾರಾಟಕ್ಕೇ ಬಿಡಲಿಲ್ಲ. ಉಳಿದುವು ಕೆಲವು ಮಾದರಿಗಳು ಮಾತ್ರ. ಅವುಗಳಲ್ಲಿ ಒಂದು 2019ರಲ್ಲಿ 1,85,850 ಡಾಲರಿಗೂ, ಇನ್ನೊಂದು 2024ರಲ್ಲಿ 5,25,000 ಡಾಲರಿಗೂ ಹರಾಜಾದವು. ಯಾವ ಮಗುವೂ ಆಡದ, ಆಡಬಾರದೆಂದೇ ನಿಶ್ಚಯಿಸಿದ ಗೊಂಬೆಗೆ ಇಷ್ಟು ಬೆಲೆ! ಇಲ್ಲಿ ಬೆಲೆ ಬಂದುದು ವಿರಳತೆಗೆ, ಅದರ ಹಿಂದಿನ ಕಥೆಗೆ, ತಮ್ಮ ಬಾಲ್ಯವನ್ನು ಹಣ ಕೊಟ್ಟು ಮರಳಿ ಪಡೆಯಲು ಸಿದ್ಧರಾಗಿರುವ ಧನಿಕರ ಸ್ಮೃತಿಗೆ. ಆ ಪೀಳಿಗೆ ಸಂದ ಮೇಲೆ ಆ ಸ್ಮೃತಿಯ ಧಾರಣೆ ಏನಾದೀತೆಂದು ಯಾರೂ ಖಚಿತವಾಗಿ ಹೇಳಲಾರರು.

ಆದುದರಿಂದ ಪಾತ್ರಗೊಂಬೆಯನ್ನು ಗಂಟಿನ ಲೆಕ್ಕದಲ್ಲಿ ಕೊಳ್ಳುವುದು ನನಗೆ ಸಮ್ಮತವಲ್ಲ. ಮಾರುವಾಗ ಲಾಭ ಬರುತ್ತದೆಂದು ಸಂಬಳದ ಅರ್ಧವನ್ನು ಸುರಿಯುವ ತರುಣರನ್ನು ನೋಡಿದ್ದೇನೆ. ಹರಾಜಿನಲ್ಲಿ ಹೋದ ಒಂದರ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಕೊಂಡ ಬೆಲೆಯ ಕಾಲುಭಾಗಕ್ಕೂ ಹೋಗದ ಸಾವಿರದ ಸುದ್ದಿ ಬರುವುದಿಲ್ಲ. ಹಾಗೆಯೇ, ಮನೆಯ ಮಗುವಿನ ಕೈಗೆ ಗೊಂಬೆ ತಾಗದಂತೆ ಕಪಾಟಿಗೆ ಬೀಗ ಹಾಕಿ ‘ಮುಟ್ಟಬೇಡ’ ಎನ್ನುವ ಹಿರಿಯರನ್ನೂ ನೋಡಿದ್ದೇನೆ. ಎರಡನ್ನು ದಾಖಲೆಗೆಂದು ಇರಿಸಿ. ಮಿಕ್ಕವನ್ನು ತೆರೆಯಿರಿ, ನಿಲ್ಲಿಸಿ, ಬಾಗಿಸಿ, ಮಗುವಿಗೆ ಅದರ ಕಥೆಯನ್ನು ಹೇಳಿ. ಕೀಲನ್ನು ಇಟ್ಟವನು ಅದು ಚಲಿಸಲೆಂದು ಇಟ್ಟ.

ಆ ಕೃಷಿಕ ಮಿತ್ರರಿಗೂ ನಾನು ಬೆಲೆಯನ್ನು ಹೇಳಲಿಲ್ಲ. ನೀವು ಅಡಿಕೆಯನ್ನು ಮಾಡುವಂತೆ ಇವನ್ನೂ ಮೊದಲು ವಿಂಗಡಿಸೋಣ ಎಂದೆ. ಒಂದು ರವಿವಾರ ಇಬ್ಬರೂ ಚಾವಡಿಯಲ್ಲಿ ಕುಳಿತೆವು. ನಕಲಿಗಳು ಒಂದು ಕಡೆ. ನಿಜವಾದರೂ ಕೀಲು ಸಡಿಲಿ, ಆಯುಧ ಕಳೆದು ಹೋದವು ಇನ್ನೊಂದು ಕಡೆ. ಕಸಬಿನಲ್ಲಿಯೂ ಸ್ಥಿತಿಯಲ್ಲಿಯೂ ಉತ್ತಮವಾದವು ಮತ್ತೊಂದು ಕಡೆ. ಮೂರನೆಯ ರಾಶಿಯೇ ದೊಡ್ಡದಾಯಿತು. ಹುಡುಗ ಒಂದೊಂದರ ಆಯುಧವನ್ನೂ ಸಣ್ಣ ಲಕೋಟೆಯಲ್ಲಿ ಹಾಕಿ, ಹೆಸರೂ ಕೊಂಡ ತಾರೀಕೂ ಬರೆದಿರಿಸಿದ್ದ. ಅದನ್ನು ಓದುತ್ತ ತಂದೆ, ‘ನೋಡಿ ತೆಗೆದಿದ್ದಾನೆ’ ಎಂದರು. ಅಡಿಕೆ ವ್ಯಾಪಾರದಲ್ಲಿ ಬಳಸುವ ಅದೇ ಮಾತು. ಆ ಮಾತಿನಲ್ಲಿ ಮಗನ ಮೇಲೆ ಅವರಿಗಿದ್ದ ಅನುಮಾನದ ಬಹುಭಾಗ ಕರಗಿತ್ತು. ಕಪಾಟು ಈಗ ಒಣಗೋಡೆಯ ಕಡೆಗೆ ಸರಿದಿದೆ. ಮಾರುವುದೋ ಇರಿಸುವುದೋ ಮಗ ಬಂದ ಮೇಲೆ ಅವನೇ ನಿರ್ಣಯಿಸಲಿ.

ಈ ವಿಚಾರ ಕಪಾಟಿನ ಒಡೆಯರಿಗೆ ಮಾತ್ರ ಸಂಬಂಧಿಸಿದುದಲ್ಲ. ನಮ್ಮ ಜಿಲ್ಲೆಯಲ್ಲಿ ನಡೆಯುವಷ್ಟು ಸನ್ಮಾನಗಳು ಬೇರೆಲ್ಲಿಯೂ ನಡೆಯಲಾರವು. ಒಂದೊಂದರಲ್ಲಿಯೂ ಸ್ಮರಣಿಕೆಯೆಂದು ಯಕ್ಷಗಾನ ವೇಷದ ಒಂದು ಗೊಂಬೆಯನ್ನು ಕೊಡುವುದು ರೂಢಿಯಾಗಿದೆ. ಅವುಗಳಲ್ಲಿ ಎಷ್ಟು ಗೊಂಬೆಗಳನ್ನು ನಾವು ವೇಷವೆಂದು ಒಪ್ಪಬಹುದು? ತೆಂಕಿನ ಕಿರೀಟದ ಕೆಳಗೆ ಬಡಗಿನ ಉಡುಗೆ. ಪುಂಡುವೇಷದ ಮೈಗೆ ರಕ್ಕಸನ ಮೀಸೆ. ಯಾವ ಪಾತ್ರವೆಂದು ಹೇಳಲು ಕೊಟ್ಟವರಿಗೂ ಬಾರದು, ಪಡೆದವರಿಗೂ ಬಾರದು. ರಂಗದ ಮೇಲೆ ಇಂತಹ ವೇಷ ಬಂದಿದ್ದರೆ ಸಭೆ ಎದ್ದು ನಡೆಯುತ್ತಿತ್ತು. ಗೊಂಬೆಯಾದ್ದರಿಂದ ಕೈತಟ್ಟುತ್ತೇವೆ. ಕಾರಣ ಸರಳ: ಸಮಿತಿಯವರು ಅಂಗಡಿಯಲ್ಲಿ ಕೇಳುವುದು ‘ಇಷ್ಟು ರೂಪಾಯಿಯೊಳಗೆ ಯಾವುದು ಉಂಟು?’ ಎಂದು. ಪಾತ್ರ ಯಾವುದೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇದರ ಪರಿಣಾಮವನ್ನು ಅನುಭವಿಸುವವನು ಕುಶಲಕರ್ಮಿ. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟನ್ನು ಲೇಪಿಸಿ, ಅದರ ಮೇಲೆ ಬಣ್ಣವಿಟ್ಟು ದೇವರ, ಪುರಾಣಪುರುಷರ ಗೊಂಬೆಗಳನ್ನು ಮಾಡುತ್ತಾರೆ. ಚನ್ನಪಟ್ಟಣದವರು ಹಾಲೆ ಮರವನ್ನು ತಿರುಗಣೆಗೆ ಕಟ್ಟಿ ಅರಗಿನ ಬಣ್ಣವನ್ನು ಏರಿಸುತ್ತಾರೆ. ನಮ್ಮಲ್ಲಿಯೂ ಭುಜಕೀರ್ತಿಯ ಒಂದೊಂದು ಹರಳಿನ ಜಾಗವನ್ನೂ ಬಲ್ಲ ಕೈಗಳಿವೆ. ಒಂದು ಗೊಂಬೆಗೆ ನಾಲ್ಕು ದಿನ ಕುಳಿತವನಿಗೂ, ಅಚ್ಚಿನಿಂದ ದಿನಕ್ಕೆ ನಾಲ್ಕು ಡಜನು ತೆಗೆದವನಿಗೂ ನಾವು ಒಂದೇ ಬೆಲೆಯನ್ನು ಹೇಳಿದರೆ, ಮೊದಲನೆಯವನು ತನ್ನ ಮಗನಿಗೆ ಈ ಕಸಬನ್ನು ಏಕೆ ಕಲಿಸಬೇಕು? ಅಮೆರಿಕದ ಸಂಗ್ರಾಹಕನ ಅತಿರೇಕಗಳು ಏನೇ ಇರಲಿ, ಒಂದು ವಿಷಯದಲ್ಲಿ ಅವನು ನಮಗಿಂತ ಮೇಲು. ಅವನು ಗೊಂಬೆಯನ್ನು ತಿರುಗಿಸಿ ಮರುಗಿಸಿ ನೋಡುತ್ತಾನೆ; ಉಂಗುರ ಯಾವ ಕೈಯಲ್ಲಿದೆಯೆಂದು ಕೇಳುತ್ತಾನೆ; ಕೆತ್ತಿದ ಶಿಲ್ಪಿ ಯಾರೆಂದು ತಿಳಿಯಬಯಸುತ್ತಾನೆ. ಹಾಗೆ ಕೇಳುವ ಜನವಿರುವುದರಿಂದಲೇ ಅಲ್ಲಿ ಮೂವತ್ತು ವರ್ಷಗಳಲ್ಲಿ ಗೊಂಬೆಯ ಕೆತ್ತನೆ ಇಷ್ಟು ಸೂಕ್ಷ್ಮವಾಗಿ ಬೆಳೆಯಿತು. ಕೊಳ್ಳುವವನ ಕಣ್ಣು ಚುರುಕಾದಂತೆ ಮಾಡುವವನ ಕೈಯೂ ಚುರುಕಾಗುತ್ತದೆ.

ಉಪ್ಪಿನಂಗಡಿಯಲ್ಲಿ ನೇತ್ರಾವತಿ ಕುಮಾರಧಾರೆಗಳು ಕೂಡುವಲ್ಲಿ ಸಹಸ್ರಲಿಂಗೇಶ್ವರನ ಮಖೆ ಜಾತ್ರೆಗೆ ಸಂತೆ ನೆರೆದಾಗ ಗೊಂಬೆಯಂಗಡಿಗಳ ಮುಂದೆ ಮಕ್ಕಳು ಗುಂಪುಗೂಡುತ್ತಾರೆ. ಮಗು ಕೈತೋರಿಸಿದುದನ್ನು ಅವಸರದಿಂದ ಕೊಂಡು ಮುನ್ನಡೆಯುವ ಬದಲು, ಮಗುವಿನೊಡನೆ ಒಂದು ನಿಮಿಷ ನಿಂತು ಎರಡು ಗೊಂಬೆಗಳನ್ನು ಹೋಲಿಸಿ ನೋಡಿ. ಯಾವುದು ನಿಲ್ಲುತ್ತದೆ, ಯಾವುದರ ಕಣ್ಣು ನೇರವಾಗಿದೆ, ಯಾವುದಕ್ಕೆ ಮುದ್ರೆಯಿದೆ ಎಂದು ಮಗುವನ್ನೇ ಕೇಳಿ. ಮಕ್ಕಳು ಇದನ್ನು ನಮಗಿಂತ ಬೇಗ ಕಲಿಯುತ್ತಾರೆ. ಮುಂದಿನ ಸನ್ಮಾನಕ್ಕೆ ಸ್ಮರಣಿಕೆಯನ್ನು ಆರಿಸಬೇಕಾಗಿ ಬಂದ ಸಮಿತಿಯವರು, ಮೇಳದಲ್ಲಿ ವೇಷ ಕಟ್ಟಿ ಅನುಭವವಿರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಅಂಗಡಿಗೆ ಹೋಗಲಿ. ಮಾಡಿದವನ ಹೆಸರನ್ನು ಪೀಠದ ಅಡಿಯಲ್ಲಿ ಬರೆಯಿಸಲಿ. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಧಾರಣೆಯನ್ನು ಪೇಟೆಗೆ ಬಿಟ್ಟುಬಿಡಬಹುದು. ವಿಂಗಡಣೆಯ ಹೊಣೆಯನ್ನು ಮಾತ್ರ ಪೇಟೆಗೆ ಬಿಡಬಾರದು.